ಎಲ್ಲರಿಗೂ ಒಂದೇ ಸರ್ಟಿಫಿಕೇಟ್ ಸಾಲದೇ?

ಪ್ರಶ್ನೆ: ನಮ್ಮ ಕಚೇರಿಯ ಮೂವತ್ತು ಮಂದಿ ಮನೆಯಿಂದಲೇ ವಿಪಿಎನ್ (ಕಚೇರಿಯ ಜಾಲಕ್ಕೆ ಇಂಟರ್ನೆಟ್ ಮೇಲಿನ ಗುಪ್ತ ದಾರಿ) ಮೂಲಕ ಕೆಲಸ ಮಾಡುತ್ತಾರೆ. ಇದುವರೆಗೆ ಪಾಸ್‌ವರ್ಡ್ ಮಾತ್ರ ಇತ್ತು. ಈಗ ನಾವು ಬಳಸುವ ವಿಪಿಎನ್ ತಂತ್ರಾಂಶವಾದ ಓಪನ್‌ವಿಪಿಎನ್‌ಗೆ ಡಿಜಿಟಲ್ ಸರ್ಟಿಫಿಕೇಟ್ ಅಳವಡಿಸುತ್ತಿದ್ದೇವೆ. ಒಂದನ್ನೇ ತಯಾರಿಸಿ ಎಲ್ಲರಿಗೂ ಇಮೇಲ್‌ನಲ್ಲಿ ಕಳುಹಿಸಿದರೆ ಸಾಲದೇ? ಆಮೇಲೆ ಪಾಸ್‌ವರ್ಡ್ ತೆಗೆದುಹಾಕಬಹುದೇ?

ಉತ್ತರ: ಕಳುಹಿಸಬೇಡಿ. ಕಳುಹಿಸಿ ಆಗಿದ್ದರೆ ಮೊದಲು ಅದನ್ನು ರದ್ದುಮಾಡಿ ಬನ್ನಿ, ಉಳಿದದ್ದನ್ನು ಆಮೇಲೆ ಓದಬಹುದು.

ಸರ್ಟಿಫಿಕೇಟ್ ಎಂದರೆ ಹೆಸರು, ಸಾರ್ವಜನಿಕ ಕೀಲಿ, ಅವಧಿ ಹಾಗೂ ಕೊಟ್ಟವರ ಸಹಿ ಇರುವ ಪತ್ರ. ಅದು ಯಾರ ಕೈಗೆ ಸಿಕ್ಕರೂ ನಷ್ಟವಿಲ್ಲ. ಜೀವ ಇರುವುದು ಅದರ ಜೋಡಿಯಾದ ಖಾಸಗಿ ಕೀಲಿಯಲ್ಲಿ. ಸಂಪರ್ಕಿಸುವಾಗ ಲ್ಯಾಪ್‌ಟಾಪ್ ಆ ಕೀಲಿಯಿಂದ ಸಹಿ ಹಾಕಿ ತೋರಿಸುತ್ತದೆಯೇ ಹೊರತು ಕೀಲಿಯನ್ನು ಕೊಡುವುದಿಲ್ಲ. ಹಾಗಾಗಿಯೇ ಪಾಸ್‌ವರ್ಡ್ ಕದಿಯುವ ನಕಲಿ ಲಾಗಿನ್ ಪುಟದ ಆಟ ಇಲ್ಲಿ ನಡೆಯದು. ನೀವು ಇಮೇಲ್‌ಗೆ ಲಗತ್ತಿಸುವ ಪಿ12 ಕಡತದಲ್ಲಾದರೋ ಪತ್ರದ ಜೊತೆಗೆ ಈ ಕೀಲಿಯೂ ಕೂತಿರುತ್ತದೆ. ಮೂವತ್ತು ಇನ್‌ಬಾಕ್ಸ್‌ಗಳಲ್ಲಿ ಅದರ ಪ್ರತಿ ಉಳಿದ ಮೇಲೆ ಅದನ್ನು ಗುಟ್ಟು ಎನ್ನಲು ನನಗಂತೂ ಬಾಯಿ ಬಾರದು. ಮೇಲಾಗಿ, ಒಬ್ಬರು ಕೆಲಸ ಬಿಟ್ಟರೆ ಉಳಿದ ಇಪ್ಪತ್ತೊಂಬತ್ತು ಮಂದಿಗೂ ಹೊಸದು ಕೊಡಬೇಕು.

ಪ್ರತಿ ಲ್ಯಾಪ್‌ಟಾಪ್‌ಗೂ ಬೇರೆ ಬೇರೆ ಸರ್ಟಿಫಿಕೇಟ್ ಇರಲಿ. ಕೀಲಿ ಅದೇ ಯಂತ್ರದಲ್ಲಿ, ಸಾಧ್ಯವಿದ್ದರೆ ಕೀಲಿಗಳನ್ನು ಭದ್ರವಾಗಿಡುವ ಅದರ ಟಿಪಿಎಂ ಚಿಪ್‌ನೊಳಗೆ ಹುಟ್ಟಲಿ. ನಿಮ್ಮ ಬಳಿಗೆ ಬರಬೇಕಾದದ್ದು ಸಹಿಗಾಗಿ ಸಲ್ಲಿಸುವ ಸಿಎಸ್‌ಆರ್ ಕೋರಿಕೆ ಮಾತ್ರ. ಸಹಿ ಹಾಕಿ ಸರ್ಟಿಫಿಕೇಟ್ ಕೊಡುವ ಪ್ರಾಧಿಕಾರ ನಿಮ್ಮದೇ ಆಗಿರಲಿ. ಊರಿಗೆಲ್ಲ ಸರ್ಟಿಫಿಕೇಟ್ ಹಂಚುವ ಸಾರ್ವಜನಿಕ ಪ್ರಾಧಿಕಾರವನ್ನು ನಂಬುವಂತೆ ಸರ್ವರ್‌ಗೆ ಹೇಳಿ, ಹೆಸರನ್ನೂ ಪರಿಶೀಲಿಸದಿದ್ದರೆ, ಅಲ್ಲಿಂದ ಪತ್ರ ಪಡೆದ ಅಪರಿಚಿತನೂ ಒಳಗೆ ಬಂದಾನು. ಪ್ರಾಧಿಕಾರದ ಕೀಲಿಯನ್ನು ವಿಪಿಎನ್ ಸರ್ವರ್‌ನಲ್ಲೇ ಇಡುವವರನ್ನು ಬಹಳ ಕಂಡಿದ್ದೇನೆ. ನೀವು ಅದನ್ನು ಜಾಲಕ್ಕೆ ತಾಗದ ಬೇರೆ ಯಂತ್ರದಲ್ಲಿಡಿ.

ಇನ್ನು ರದ್ದುಪಟ್ಟಿ, ಅಂದರೆ ರದ್ದಾದ ಸರ್ಟಿಫಿಕೇಟ್‌ಗಳನ್ನು ಸರ್ವರ್‌ಗೆ ತಿಳಿಸುವ ಸಿಆರ್‌ಎಲ್. ನಾನೇ ಇದರಲ್ಲಿ ಪೆಟ್ಟು ತಿಂದವನು. ಒಂದು ಬೆಳಿಗ್ಗೆ ಯಾರೊಬ್ಬರಿಗೂ ವಿಪಿಎನ್ ಸಿಗಲಿಲ್ಲ. ಎಲ್ಲರ ಸರ್ಟಿಫಿಕೇಟ್‌ಗಳೂ ಸರಿಯಿದ್ದವು, ಸರ್ವರಿನದೂ ಸರಿಯಿತ್ತು. ಮುಗಿದಿದ್ದದ್ದು ರದ್ದುಪಟ್ಟಿಯದೇ ಅವಧಿ! ಸರ್ಟಿಫಿಕೇಟ್ ತಯಾರಿಸುವ ಈಸಿ-ಆರ್‌ಎಸ್‌ಎ ಎಂಬ ಸಾಧನ ಬಳಸಿ ಪಟ್ಟಿ ತಯಾರಿಸಿದರೆ, ನೀವು ಬದಲಿಸದ ಹೊರತು ಅದಕ್ಕೆ 180 ದಿನಗಳ ಆಯುಸ್ಸು. ಅದು ಮುಗಿದ ಮೇಲೆ ಓಪನ್‌ವಿಪಿಎನ್ ಯಾರನ್ನೂ ಒಳಗೆ ಬಿಡುವುದಿಲ್ಲ. ಯಾರನ್ನೂ ರದ್ದುಮಾಡದಿದ್ದರೂ ಪಟ್ಟಿಯನ್ನು ಆಗಾಗ ಹೊಸದಾಗಿ ಬರೆದು ಸರ್ವರ್‌ಗೆ ಹಾಕಬೇಕು. ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿಕೊಳ್ಳಿ.

ಪಾಸ್‌ವರ್ಡ್ ತೆಗೆಯಬೇಡಿ, ಒಟಿಪಿಯನ್ನೂ ಸೇರಿಸಿ. ಸರ್ಟಿಫಿಕೇಟ್ ಹೇಳುವುದು ಯಾವ ಲ್ಯಾಪ್‌ಟಾಪ್ ಬಂದಿದೆ ಎಂದು. ಅದರ ಮುಂದೆ ಕೂತವರು ಯಾರೆಂದು ಅದಕ್ಕೇನು ಗೊತ್ತು? ಲ್ಯಾಪ್‌ಟಾಪ್ ಕಳುವಾದರೆ ಸರ್ಟಿಫಿಕೇಟ್ ರದ್ದುಮಾಡಿ, ಹೊಸ ಪಟ್ಟಿಯನ್ನು ಸರ್ವರ್‌ಗೆ ಹಾಕಿ. ಅಲ್ಲಿಗೇ ಕೈತೊಳೆದುಕೊಳ್ಳಬೇಡಿ. ಆಗಲೇ ತೆರೆದಿರುವ ಸಂಪರ್ಕ ಅದರಿಂದ ಕೂಡಲೇ ಕಡಿಯದೆ ಉಳಿಯಬಹುದು, ಅದನ್ನು ಸರ್ವರ್‌ನಲ್ಲಿ ನೀವೇ ಕಡಿಯಬೇಕು. ಕಳೆದುಕೊಂಡವರು ರಾತ್ರಿ ಹನ್ನೊಂದಕ್ಕೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಸರ್ಟಿಫಿಕೇಟ್ ಕೊಡುವ ದಿನವೇ ಹೇಳಿಬಿಡಿ.