ಮ್ಯಾಟ್‌ಲ್ಯಾಬ್ ಇಲ್ಲದೆ ಎಂ.ಎಸ್ಸಿ ಪ್ರಾಜೆಕ್ಟ್ ಮಾಡಬಹುದಾ? ಖಂಡಿತ, ಅದೂ ಗೌರಿಬಿದನೂರಿನ ಡೇಟಾದಿಂದಲೇ

ನೀವು ಕೇಳಿದ್ದು ಇಷ್ಟು: ಚಿಕ್ಕಬಳ್ಳಾಪುರದಲ್ಲಿ ಎಂ.ಎಸ್ಸಿ ಫಿಸಿಕ್ಸ್ ಓದುತ್ತಿದ್ದೀರಿ, ಲೆಕ್ಕ, ಗ್ರಾಫ್ ಮಾಡುವ ದುಡ್ಡಿನ ಸಾಫ್ಟ್‌ವೇರ್ ಮ್ಯಾಟ್‌ಲ್ಯಾಬ್‌ನ ಲೈಸೆನ್ಸ್ ಕೊಳ್ಳೋಕೆ ಆಗಲ್ಲ, ಮನೆಯಲ್ಲಿರುವುದು 4 ಜಿಬಿಯ ಹಳೇ ಲ್ಯಾಪ್‌ಟಾಪ್. ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ, ಉಚಿತವಾಗಿ ಸಿಗುವ) ಟೂಲ್‌ಗಳಲ್ಲಿ ಮಾಡಿದ ಪ್ರಾಜೆಕ್ಟಿಗೆ ಬೆಲೆ ಇರುತ್ತಾ? ನಮ್ಮಂಥವರು ಆ ಟೂಲ್‌ಗಳಿಗೆ ತಿರುಗಿ ಏನಾದರೂ ಕೊಡಬಹುದಾ?

ನಾನು ಗೌರಿಬಿದನೂರಿನವನು, ಡಿಗ್ರಿ ಮಕ್ಕಳಿಗೆ ಫಿಸಿಕ್ಸ್ ಪಾಠ ಮಾಡುತ್ತೇನೆ. ಎರಡಕ್ಕೂ ನನ್ನ ಉತ್ತರ ಹೌದು.

ಬೆಲೆಯ ಮಾತು ಬೇಗ ಮುಗಿಸುತ್ತೇನೆ. 2019ರಲ್ಲಿ ಬಂದ ಕಪ್ಪುಕುಳಿಯ ಮೊದಲ ಚಿತ್ರದ ಹಿಂದೆ ಪೈಥಾನ್ ಭಾಷೆಯ ಎರಡು ಓಪನ್ ಸೋರ್ಸ್ ಟೂಲ್‌ಗಳಿದ್ದವು: ಸಂಖ್ಯೆಗಳ ಕೋಷ್ಟಕದ ಲೆಕ್ಕಕ್ಕೆ ನಂಪೈ, ಗ್ರಾಫಿಗೆ ಮ್ಯಾಟ್‌ಪ್ಲಾಟ್‌ಲಿಬ್. ಗುರುತ್ವ ಅಲೆ ಹಿಡಿದ ಲೈಗೋ ತಂಡ ತನ್ನ ಡೇಟಾ ಜೊತೆ ಅದನ್ನು ಬಿಡಿಸಿ ನೋಡುವ ಜುಪಿಟರ್ ನೋಟ್‌ಬುಕ್ಕನ್ನೂ (ಕೋಡ್, ವಿವರಣೆ, ಚಿತ್ರ ಒಟ್ಟಿಗೇ ಇರುವ ಫೈಲ್) ಎಲ್ಲರಿಗೂ ಕೊಟ್ಟಿತು. ನಿಮ್ಮ ಗೈಡ್ ಕೇಳಿದರೆ ಇಷ್ಟು ಹೇಳಿ, ಸಾಕು. ಹಳೇ ಮ್ಯಾಟ್‌ಲ್ಯಾಬ್ ಕೋಡ್ ಕೈಯಲ್ಲಿದ್ದರೆ ಅದರಂತೆಯೇ ಇರುವ ಉಚಿತ ಸಾಫ್ಟ್‌ವೇರ್ ಆಕ್ಟೇವ್‌ನಲ್ಲಿ ಬಹುಪಾಲು ಹಾಗೇ ಓಡುತ್ತದೆ. ಆದರೆ ಸಿಮುಲಿಂಕ್ (ಚೌಕಗಳನ್ನು ಜೋಡಿಸಿ ಮಾದರಿ ಕಟ್ಟುವ ಮ್ಯಾಟ್‌ಲ್ಯಾಬ್‌ನ ಜೊತೆಗಾರ) ಬೇಕೇ ಬೇಕು ಅನ್ನುವ ಕೆಲಸವಾದರೆ ಕಾಲೇಜಿನ ಲ್ಯಾಬಿನಲ್ಲೇ ಮಾಡಿ. ಅದಕ್ಕೆ ಸರಿಸಾಟಿಯಾದದ್ದು ಓಪನ್ ಸೋರ್ಸ್ ಕಡೆ ಸಿಗಲ್ಲ.

ಈಗ ನನಗೆ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ನಮ್ಮ ತಾಲ್ಲೂಕಿನಲ್ಲಿ ಸೂರ್ಯನ ರೇಡಿಯೋ ಅಲೆಗಳನ್ನು ಕೇಳಿಸಿಕೊಳ್ಳುವ ವೀಕ್ಷಣಾಲಯ ಇದೆ. ನಿಮ್ಮ ಜಿಲ್ಲೆಯದೇ ಅಲ್ವಾ? ಯಾವ ಆವರ್ತನದಲ್ಲಿ ಎಷ್ಟು ಅಲೆ ಬರುತ್ತಿದೆ ಅಂತ ಅಳೆಯುವ ಅಲ್ಲಿನ ಕ್ಯಾಲಿಸ್ಟೋ ಉಪಕರಣ ಇ-ಕ್ಯಾಲಿಸ್ಟೋ ಎಂಬ ಅಂತರರಾಷ್ಟ್ರೀಯ ಜಾಲದ ಭಾಗ. ಅದರ ಡೇಟಾ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಫೈಲ್ ಹೆಸರು 'ಗೌರಿ' ಅಂತಲೇ ಶುರುವಾಗುತ್ತದೆ. 15 ನಿಮಿಷಕ್ಕೊಂದು ಫೈಲ್, ಸಾಮಾನ್ಯವಾಗಿ 200 ಆವರ್ತನಗಳು (ಒಂದೊಂದಕ್ಕೂ ಒಂದು ಸಾಲು), ಸೆಕೆಂಡಿಗೆ 4 ಅಳತೆ, ಅಂದರೆ 3,600 ಕಾಲಂ. ಒಟ್ಟು 7.2 ಲಕ್ಷ ಸಣ್ಣ ಸಂಖ್ಯೆಗಳು. ನಿಮ್ಮ ಹಳೇ ಲ್ಯಾಪ್‌ಟಾಪಿಗೆ ಇದು ಏನೂ ಅಲ್ಲ.

ಖಗೋಳ ಡೇಟಾಗೆ ಇರುವ ಪೈಥಾನ್ ಟೂಲ್ ಆಸ್ಟ್ರೋಪೈಯಿಂದ ಫೈಲ್ ತೆರೆದು ಸುಮ್ನೆ ಚಿತ್ರ ಮಾಡಿದರೆ ಬರೀ ಅಡ್ಡ ಪಟ್ಟೆಗಳು ಕಾಣುತ್ತವೆ. ಎಫ್‌ಎಂ ಕೇಂದ್ರಗಳ ಗದ್ದಲ, ಉಪಕರಣದ ಸ್ವಂತ ಗುಣ, ಎಲ್ಲಾ ಅದರಲ್ಲಿ ಸೇರಿರುತ್ತದೆ. ಪ್ರತಿ ಸಾಲಿನ ಮೀಡಿಯನ್ (ಏರಿಕೆಯ ಕ್ರಮದಲ್ಲಿ ಇಟ್ಟಾಗ ನಡುವೆ ಬರುವ ಬೆಲೆ) ತೆಗೆದು ಆ ಸಾಲಿನಿಂದ ಕಳೆಯಿರಿ. ಹುಡುಗರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. 200 ಸಂಖ್ಯೆಗಳ ಪಟ್ಟಿಯನ್ನು 200 ಸಾಲು, 3,600 ಕಾಲಂನ ಕೋಷ್ಟಕದಿಂದ ನೇರವಾಗಿ ಕಳೆಯಲು ನಂಪೈ ಒಪ್ಪುವುದಿಲ್ಲ. ಮೀಡಿಯನ್ ತೆಗೆಯುವಾಗ ಕೀಪ್‌ಡಿಮ್ಸ್ ಅನ್ನು ಟ್ರೂ ಮಾಡಿ (keepdims=True), ಆಗ ಆ ಪಟ್ಟಿ 200 ಸಾಲು, 1 ಕಾಲಂ ಆಗಿ ಉಳಿಯುತ್ತದೆ, ಸರಿಹೋಗುತ್ತದೆ. ಪಟ್ಟೆಗಳು ಮಾಯ. ಆ ಹೊತ್ತಿನಲ್ಲಿ ಸೂರ್ಯನಲ್ಲಿ ಮೂರನೇ ಬಗೆಯ (ಟೈಪ್ III) ರೇಡಿಯೋ ಸ್ಫೋಟ ಆಗಿದ್ದರೆ, ಮೇಲಿನ ಆವರ್ತನದಿಂದ ಕೆಳಕ್ಕೆ ಸರ್ರನೆ ಇಳಿಯುವ ಗೀಟು ಎದ್ದು ಕಾಣುತ್ತದೆ. ಆ ಗೀಟಿನ ಅರ್ಥ ಇಷ್ಟು: ಸುಮಾರು ಬೆಳಕಿನ ವೇಗದ ಮೂರನೇ ಒಂದರಷ್ಟು ವೇಗದಲ್ಲಿ ಎಲೆಕ್ಟ್ರಾನ್‌ಗಳು ಸೂರ್ಯನಿಂದ ಹೊರಗೆ ಹಾರುತ್ತಿವೆ. ದೂರ ಹೋದಷ್ಟೂ ಸೂರ್ಯನ ಸುತ್ತಲಿನ ಪ್ಲಾಸ್ಮಾ (ವಿದ್ಯುತ್ ಕಣಗಳ ಅನಿಲ) ತೆಳುವಾಗುತ್ತದೆ, ಆವರ್ತನ ಇಳಿಯುತ್ತದೆ. ಗೀಟಿನ ಇಳಿಜಾರಿನಿಂದ, ಒಂದು ಸಾಂದ್ರತೆಯ ಮಾದರಿ ಇಟ್ಟುಕೊಂಡು, ಆ ವೇಗವನ್ನು ನೀವೇ ಲೆಕ್ಕ ಹಾಕಬಹುದು. ಪ್ರಾಜೆಕ್ಟ್‌ಗೆ ಇನ್ನೇನು ಬೇಕು! ಫೈಲಿನ ಸಮಯ ಯುಟಿಸಿಯಲ್ಲಿ (ಅಂತರರಾಷ್ಟ್ರೀಯ ಸಮಯದಲ್ಲಿ) ಇರುತ್ತದೆ, ನಮ್ಮ ಸಮಯಕ್ಕೆ ಐದೂವರೆ ಗಂಟೆ ಕೂಡಿಸಿಕೊಳ್ಳಿ.

ಚಿತ್ರದ ಬಣ್ಣಕ್ಕೆ 'ಜೆಟ್' ಎಂಬ ಕಾಮನಬಿಲ್ಲಿನಂಥ ಬಣ್ಣಸಾಲು ಬಳಸಬೇಡಿ. ಡೇಟಾದಲ್ಲಿ ಇಲ್ಲದ ಅಂಚುಗಳನ್ನು ಅದು ತೋರಿಸುತ್ತದೆ. ಹಾಗಾಗಿಯೇ ಮ್ಯಾಟ್‌ಪ್ಲಾಟ್‌ಲಿಬ್ 2017ರ 2.0 ಆವೃತ್ತಿಯಲ್ಲಿ ತಾನಾಗಿ ಬರುವ ಬಣ್ಣಸಾಲನ್ನು ಜೆಟ್‌ನಿಂದ ವಿರಿಡಿಸ್‌ಗೆ ಬದಲಾಯಿಸಿತು.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಈ ಟೂಲ್‌ಗಳಿಗೆ ನಾವು ಕೊಡಬಹುದಾದ ಕೊಡುಗೆ. ಮ್ಯಾಟ್‌ಪ್ಲಾಟ್‌ಲಿಬ್ ಶುರು ಮಾಡಿದ ಜಾನ್ ಹಂಟರ್ ಕಂಪ್ಯೂಟರ್ ಕಂಪನಿಯವರಲ್ಲ. ಮೂರ್ಛೆರೋಗಿಗಳ ಮೆದುಳಿನ ವಿದ್ಯುತ್ ಸಂಕೇತಗಳನ್ನು ನೋಡಬೇಕಿತ್ತು, ಅದಕ್ಕೆ ಬರೆದರು, 2003ರಲ್ಲಿ ಎಲ್ಲರಿಗೂ ಬಿಟ್ಟರು. ಅವರು 2012ರಲ್ಲಿ ತೀರಿಕೊಂಡರು. ಅಲ್ಲಿಂದ ಅದನ್ನು ನಡೆಸಿಕೊಂಡು ಬಂದವರಲ್ಲಿ ಬಹಳಷ್ಟು ಜನ ಒಬ್ಬರನ್ನೊಬ್ಬರು ಮುಖಾಮುಖಿ ನೋಡಿಯೂ ಇರಲಿಕ್ಕಿಲ್ಲ. ಆ ಸಾಲಿನಲ್ಲಿ ನಿಮಗೂ ಜಾಗ ಇದೆ. ಕನ್ನಡ ಗೊತ್ತಿರುವುದೇ ಇಲ್ಲಿ ಒಂದು ಅರ್ಹತೆ. ಗ್ರಾಫಿನ ತಲೆಬರಹದಲ್ಲಿ ಚಿಕ್ಕಬಳ್ಳಾಪುರ ಅಂತ ಬರೆದು ನೋಡಿ. ಕನ್ನಡ ಫಾಂಟ್ ಕೊಟ್ಟರೂ ಒತ್ತಕ್ಷರ ಕೂಡದೆ, ಎರಡು ಕಕಾರ ಬೇರೆಬೇರೆ ನಿಲ್ಲುವ ತೊಂದರೆ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಬಹಳ ಕಾಲ ಇತ್ತು, ನಿಮ್ಮ ಆವೃತ್ತಿಯಲ್ಲಿ ಇನ್ನೂ ಇದೆಯಾ ನೋಡಿ. ಇದ್ದರೆ, ಚಿತ್ರವನ್ನು ಎಸ್‌ವಿಜಿಯಾಗಿ (ಬ್ರೌಸರ್‌ನಲ್ಲಿ ತೆರೆಯುವ ಒಂದು ಚಿತ್ರ ಫೈಲ್) ಉಳಿಸಿ, ಎಸ್‌ವಿಜಿ ಫಾಂಟ್‌ಟೈಪ್ (svg.fonttype) ಅನ್ನು ನನ್ (none) ಅಂತ ಇಟ್ಟರೆ ಅಕ್ಷರ ಜೋಡಿಸುವ ಕೆಲಸ ಬ್ರೌಸರ್‌ಗೆ ಹೋಗುತ್ತದೆ, ಸರಿಯಾಗಿ ಕಾಣುತ್ತದೆ. ಆದರೆ ಅದು ಸುತ್ತುದಾರಿ. ಒತ್ತಕ್ಷರ ತಪ್ಪಿದ್ದು ಕನ್ನಡ ಓದುವವರ ಕಣ್ಣಿಗೆ ಮಾತ್ರ ಬೀಳುತ್ತದೆ. ಹೊಸ ಆವೃತ್ತಿ ಬಂದಾಗ ಪರೀಕ್ಷಿಸಿ ಹೇಳುವವರು ನಮ್ಮಲ್ಲಿ ಬೇಕು.

ಹೇಳುವ ರೀತಿ ಮುಖ್ಯ. 'ಕೆಲಸ ಮಾಡ್ತಿಲ್ಲ' ಅಂದರೆ ಯಾರೂ ಏನೂ ಮಾಡಲಾರರು. ತೊಂದರೆ ತೋರಿಸುವ ಐದಾರು ಸಾಲಿನ ಕೋಡ್, ಆವೃತ್ತಿ, ಪೂರ್ತಿ ಎರರ್ ಸಂದೇಶ, ಬಂದ ಚಿತ್ರ, ಬರಬೇಕಿದ್ದ ಚಿತ್ರ ಇಷ್ಟನ್ನೂ ಆ ಟೂಲ್‌ನ ಕೋಡ್ ಇರುವ ಗಿಟ್‌ಹಬ್ ಜಾಲತಾಣದಲ್ಲಿ ಹಾಕಿ. ಮೊದಲು ಅದೇ ತೊಂದರೆ ಬೇರೆ ಯಾರಾದರೂ ಬರೆದಿದ್ದಾರಾ ಹುಡುಕಿ, ಬರೆದಿದ್ದರೆ ಅದರ ಕೆಳಗೇ ನಿಮ್ಮ ಕನ್ನಡದ ಉದಾಹರಣೆ ಸೇರಿಸಿ. ಇಂಗ್ಲಿಷ್ ಸರಳವಾಗಿದ್ದರೆ ಸಾಕು, ಅಲ್ಲಿ ವ್ಯಾಕರಣ ನೋಡಿ ಯಾರೂ ಮಾರ್ಕ್ಸ್ ಕೊಡಲ್ಲ.