ದಳ್ಳಾಳಿಯೇ ತೋರಿಸಿದ ವಕೀಲರನ್ನು ನಂಬಬಹುದೇ?

ಪ್ರಶ್ನೆ: ನಮಗೆ ಆರು ಎಕರೆ ಕಾಫಿ ತೋಟವಿದೆ. ಕಾಫಿಗೆ ಒಳ್ಳೆಯ ಬೆಲೆ ಬಂದಾಗ ಉಳಿಸಿದ 22 ಲಕ್ಷ ರೂಪಾಯಿ ಕೈಯಲ್ಲಿದೆ. ಕುಶಾಲನಗರದಲ್ಲಿ ನಾಲ್ಕು ಬಾಡಿಗೆ ಮನೆಗಳಿರುವ ಎರಡಂತಸ್ತಿನ ಕಟ್ಟಡವೊಂದು 58 ಲಕ್ಷಕ್ಕೆ ಮಾರಾಟಕ್ಕಿದ್ದು, ಒಂದೊಂದು ಮನೆಗೆ 7,500 ರೂಪಾಯಿ ಬಾಡಿಗೆ ಬರುತ್ತಿದೆ. ವಕೀಲರು, ಎಂಜಿನಿಯರ್, ಬ್ಯಾಂಕ್ ಸಾಲ ಎಲ್ಲವನ್ನೂ ತಾನೇ ಹೊಂದಿಸಿಕೊಡುವುದಾಗಿ ದಳ್ಳಾಳಿ ಹೇಳುತ್ತಿದ್ದಾರೆ. ಒಪ್ಪಬಹುದೇ? (ಗೋಣಿಕೊಪ್ಪಲಿನ ಓದುಗರು)

ಉತ್ತರ: ದಳ್ಳಾಳಿಯನ್ನು ಒಪ್ಪಿ, ಆದರೆ ಅವರು ಕರೆತರುವ ಉಳಿದ ಮೂವರನ್ನು ಒಪ್ಪಬೇಡಿ. ಅವರೆಲ್ಲ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ವ್ಯಾಪಾರ ಮುಗಿದರೆ ಮಾತ್ರ ದಳ್ಳಾಳಿಗೆ ಕಮಿಷನ್ ಸಿಗುತ್ತದೆ, ಮುರಿದುಬಿದ್ದರೆ ಏನೂ ಸಿಗುವುದಿಲ್ಲ. ಅವರು ಕರೆತಂದ ವಕೀಲರಿಗೂ ಎಂಜಿನಿಯರ್‌ಗೂ ಮುಂದಿನ ಕೆಲಸ ಬರುವುದು ಅದೇ ದಳ್ಳಾಳಿಯಿಂದ. ‘ಈ ಕಟ್ಟಡ ಬೇಡ’ ಎಂದು ನಿಮಗೆ ಹೇಳುವುದರಿಂದ ಅವರಲ್ಲಿ ಒಬ್ಬರಿಗೂ ಲಾಭವಿಲ್ಲ. ನಿಮಗೆ ಬೇಕಾಗಿರುವುದು ‘ಬೇಡ’ ಎಂದು ಹೇಳಿದರೂ ತಮ್ಮ ಶುಲ್ಕ ಸಿಗುವ ಜನ. ಆದ್ದರಿಂದ ಒಬ್ಬೊಬ್ಬರನ್ನೂ ನೀವೇ ಬೇರೆ ಬೇರೆ ದಾರಿಯಲ್ಲಿ ಹುಡುಕಿ, ಶುಲ್ಕವನ್ನು ಮೊದಲೇ ಗೊತ್ತುಮಾಡಿಕೊಂಡು ನೀವೇ ಕೊಡಿ.

ವಕೀಲರ ವಿಷಯದಲ್ಲಿ, ಕೇವಲ ನೋಂದಣಿ ಪತ್ರ ಬರೆಯುವವರಿಗಿಂತ, ವಿರಾಜಪೇಟೆ ಅಥವಾ ಮಡಿಕೇರಿಯ ಸಿವಿಲ್ ನ್ಯಾಯಾಲಯದಲ್ಲಿ ಪಾಲು ವಿಭಾಗದ ದಾವೆಗಳನ್ನು ನಡೆಸಿದ ಅನುಭವವಿರುವವರನ್ನು ಆರಿಸಿ. ಪಾಲು ಹೇಗೆ ಕೈತಪ್ಪುತ್ತದೆ, ಯಾವ ವಾರಸುದಾರರು ಯಾವಾಗ ಎದ್ದು ಬರುತ್ತಾರೆ ಎಂಬುದು ಅವರಿಗೆ ಗೊತ್ತಿರುತ್ತದೆ. ಕನಿಷ್ಠ 30 ವರ್ಷಗಳ ಋಣಭಾರ ಪ್ರಮಾಣಪತ್ರ (ಆಸ್ತಿಯ ಮೇಲಿನ ಸಾಲ, ಮಾರಾಟಗಳ ದಾಖಲೆ), ಮೂಲ ಕ್ರಯಪತ್ರಗಳು, ಭೂಪರಿವರ್ತನೆ ಆದೇಶ, ಇ-ಖಾತೆ, ಮಾರುವವರ ಹೆಸರಿನಲ್ಲಿ ನ್ಯಾಯಾಲಯದಲ್ಲಿ ಬಾಕಿಯಿರುವ ದಾವೆಗಳು, ಇವೆಲ್ಲವನ್ನೂ ನೋಡಿದ ಮೇಲಿನ ಅಭಿಪ್ರಾಯವನ್ನು ಅವರ ಸಹಿಯೊಂದಿಗೆ ಲಿಖಿತವಾಗಿ ಕೇಳಿ. ‘ಎಲ್ಲ ಸರಿಯಾಗಿದೆ, ಮುಂಗಡ ಕೊಡಿ’ ಎಂದು ಫೋನಿನಲ್ಲಿ ಹೇಳಿದ ಮಾತಿಗೆ ಬೆಲೆಯಿಲ್ಲ. ಬ್ಯಾಂಕಿನ ವಕೀಲರು ನೋಡಿದ್ದಾರಲ್ಲ, ನಮಗೆ ಇನ್ನೊಬ್ಬರು ಯಾಕೆ ಎಂದು ಅನೇಕರು ಕೇಳುತ್ತಾರೆ. ಆ ವಕೀಲರು ಕೆಲಸ ಮಾಡುವುದು ಬ್ಯಾಂಕಿನ ಹಿತಕ್ಕಾಗಿ, ತಾನು ಕೊಟ್ಟ ಸಾಲ ವಸೂಲಾಗುತ್ತದೆಯೇ ಎಂಬುದೇ ಬ್ಯಾಂಕಿನ ಚಿಂತೆ. ನಿಮ್ಮ 22 ಲಕ್ಷದ ಚಿಂತೆಯನ್ನು ನಿಮ್ಮ ವಕೀಲರೇ ಮಾಡಬೇಕು.

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನೋಂದಣಿ ಇದೆಯೇ ಎಂದು ಕೇಳಿ ಸಮಾಧಾನಪಡುವವರಿದ್ದಾರೆ. 2016ರ ಆ ಕಾಯ್ದೆ ಮುಖ್ಯವಾಗಿ ಹೊಸ ಬಡಾವಣೆ ಮತ್ತು ಅಪಾರ್ಟ್‌ಮೆಂಟ್ ಯೋಜನೆಗಳಿಗೆ ಸಂಬಂಧಿಸಿದ್ದು. ಒಬ್ಬರಿಂದ ಇನ್ನೊಬ್ಬರಿಗೆ ಮರುಮಾರಾಟವಾಗುವ ಹಳೆಯ ಕಟ್ಟಡದಲ್ಲಿ ಅದರ ರಕ್ಷಣೆಯನ್ನು ನೆಚ್ಚಿಕೊಳ್ಳುವಂತಿಲ್ಲ.

ಎಂಜಿನಿಯರ್ ಆ ಕಟ್ಟಡ ಕಟ್ಟಿದವರ ಪರಿಚಯದವರಾಗಿರಬಾರದು. ಸಾಧ್ಯವಾದರೆ ಅವರನ್ನು ಜುಲೈ ತಿಂಗಳ ಮಳೆಯಲ್ಲೇ ಕರೆದೊಯ್ಯಿರಿ. ಬೇಸಿಗೆಯಲ್ಲಿ ಬಣ್ಣ ಬಳಿದು ಮುಚ್ಚಿಟ್ಟ ಸೋರಿಕೆ ನಮ್ಮ ಮಳೆಗಾಲದಲ್ಲಿ ತಾನಾಗಿ ಕಾಣಿಸುತ್ತದೆ. ಕುಶಾಲನಗರದಲ್ಲಿ ಕಾವೇರಿಗೆ ಹತ್ತಿರದ ಬಡಾವಣೆಗಳಿಗೆ 2018 ಮತ್ತು 2019ರಲ್ಲಿ ನೀರು ನುಗ್ಗಿತ್ತು. ನೀರು ಎಲ್ಲಿಯವರೆಗೆ ಬಂದಿತ್ತೆಂದು ಮಾರುವವರನ್ನಲ್ಲ, ಅದೇ ಬೀದಿಯ ಅಂಗಡಿಯವರನ್ನು ಕೇಳಿ. ಮಂಜೂರಾದ ನಕ್ಷೆಯಲ್ಲಿ ಎರಡು ಮನೆಗಳಿದ್ದು ನಾಲ್ಕು ಕಟ್ಟಿದ್ದಾರೆಯೇ ಎಂಬುದನ್ನೂ ಎಂಜಿನಿಯರ್ ನೋಡಬೇಕು. ನಾಲ್ಕು ಮನೆಗೆ ವಿದ್ಯುತ್ ಕಂಪನಿ ಸೆಸ್ಕ್‌ನ ನಾಲ್ಕು ಪ್ರತ್ಯೇಕ ಮೀಟರ್‌ಗಳಿಲ್ಲದಿದ್ದರೆ ಆ ಸಂಶಯ ಬಲವಾಗುತ್ತದೆ, ಮತ್ತು ನಕ್ಷೆಯಲ್ಲಿಲ್ಲದ ಭಾಗಕ್ಕೆ ಬ್ಯಾಂಕು ಬೆಲೆ ಕಟ್ಟದೆ ಹೋಗಬಹುದು.

ಇನ್ನು ಸಾಲದ ಮಾತು. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲವು ಆಸ್ತಿಯ ಬೆಲೆಯ ಶೇ 80ನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ನಾಲ್ಕು ಬಾಡಿಗೆ ಮನೆಗಳ ಕಟ್ಟಡವನ್ನು ಬ್ಯಾಂಕು ಸಾಮಾನ್ಯ ಗೃಹಸಾಲದ ಲೆಕ್ಕಕ್ಕೆ ಸೇರಿಸದೆ ಹೆಚ್ಚಿನ ಬಡ್ಡಿ ಹಾಕುವ ಸಾಧ್ಯತೆಯೂ ಇದೆ. ಇದನ್ನು ಮೊದಲ ದಿನವೇ ಕೇಳಿ. ಲೆಕ್ಕಕ್ಕಾಗಿ 40 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 34,700 ರೂಪಾಯಿ. ಬಾಡಿಗೆ ಕಾಗದದ ಮೇಲೆ 30,000 ಇದ್ದರೂ, ಮನೆ ಖಾಲಿ ಬೀಳುವುದು, ದುರಸ್ತಿ, ಕಂದಾಯ ಕಳೆದು ವರ್ಷಕ್ಕೆ ಹತ್ತು ತಿಂಗಳ ಬಾಡಿಗೆಯನ್ನಷ್ಟೇ ಎಣಿಸಿದರೆ ಅದು 25,000ಕ್ಕೆ ಇಳಿಯುತ್ತದೆ. ಉಳಿದ 9,700 ರೂಪಾಯಿಯನ್ನು ಪ್ರತಿ ತಿಂಗಳೂ ತೋಟ ಕೊಡಬೇಕು. ತೋಟದ ಹಣ ಬರುವುದು ವರ್ಷಕ್ಕೊಮ್ಮೆ, ಕುಯಿಲು ಮುಗಿದ ಮೇಲೆ. ಕಂತು ಕೇಳುವುದು ಪ್ರತಿ ತಿಂಗಳು.

ಸಾಲ ಹೋಗಿ ಉಳಿದ 18 ಲಕ್ಷವನ್ನು ನೀವು ಕೊಡಬೇಕು. ಮುದ್ರಾಂಕ ಶುಲ್ಕ ಶೇ 5, 2025ರ ಆಗಸ್ಟ್ ಕೊನೆಯಿಂದ ಶೇ 2ಕ್ಕೆ ಏರಿರುವ ನೋಂದಣಿ ಶುಲ್ಕ, ಮುದ್ರಾಂಕ ಶುಲ್ಕದ ಮೇಲಿನ ಸೆಸ್, ಸರ್ಚಾರ್ಜ್ ಸೇರಿ ಇನ್ನೂ ನಾಲ್ಕು ಲಕ್ಷಕ್ಕೂ ಹೆಚ್ಚು. ನಿಮ್ಮ 22 ಲಕ್ಷದಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ, ಮುಂದಿನ ವರ್ಷ ಕಾಫಿ ಬೆಲೆ ಇಳಿದರೆ ಕಂತು ಕಟ್ಟಲು ಏನೂ ಇರುವುದಿಲ್ಲ. ಆದ್ದರಿಂದ ಈ ಬೆಲೆಗೆ ಕೊಳ್ಳಬೇಡಿ ಎಂಬುದೇ ನನ್ನ ಸ್ಪಷ್ಟ ಅಭಿಪ್ರಾಯ. 50 ಲಕ್ಷಕ್ಕೆ ಇಳಿದರೆ 34 ಲಕ್ಷ ಸಾಲಕ್ಕೆ ಕಂತು ಸುಮಾರು 29,500 ಆಗುತ್ತದೆ, ಖರ್ಚೆಲ್ಲ ಕಳೆದು ಎರಡು ಲಕ್ಷ ಚಿಲ್ಲರೆ, ಎಂದರೆ ಆರು ತಿಂಗಳ ಕಂತಿಗಿಂತ ಹೆಚ್ಚು, ಕೈಯಲ್ಲಿ ಉಳಿಯುತ್ತದೆ. ಇಳಿಯದಿದ್ದರೆ ಬೇರೆ ಕಟ್ಟಡ ನೋಡಿ.

ಸಾಲಕ್ಕಾಗಿ ನಿಮ್ಮ ಖಾತೆಯಿರುವ ಬ್ಯಾಂಕಿನ ಶಾಖಾ ವ್ಯವಸ್ಥಾಪಕರನ್ನು ನೇರವಾಗಿ ಕಾಣಿ, ಇನ್ನೊಂದು ಬ್ಯಾಂಕಿನಲ್ಲಿಯೂ ಸಹಕಾರಿ ಬ್ಯಾಂಕಿನಲ್ಲಿಯೂ ವಿಚಾರಿಸಿ. ಸಾಲದ ಒಟ್ಟು ವಾರ್ಷಿಕ ವೆಚ್ಚವನ್ನು ತೋರಿಸುವ ಮುಖ್ಯ ವಿವರಗಳ ಪತ್ರವನ್ನು ಬ್ಯಾಂಕು ನಿಮಗೆ ಕೊಡಲೇಬೇಕು. ಹೋಲಿಸಬೇಕಾದದ್ದು ಆ ಅಂಕಿಯನ್ನೇ, ಜಾಹೀರಾತಿನ ಬಡ್ಡಿಯನ್ನಲ್ಲ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲವೆಂದು ನೀವು ರಿಟರ್ನ್ ಸಲ್ಲಿಸದಿದ್ದರೆ ಆದಾಯ ತೋರಿಸುವುದು ಕಷ್ಟವಾದೀತು. ಆಡಿಟರ್ ಒಬ್ಬರ ಮೂಲಕ ಈ ವರ್ಷದಿಂದಲೇ ಸಲ್ಲಿಸಿ, ಕಾಫಿ ಮಾರಿದ ಬಿಲ್‌ಗಳನ್ನು ಜೋಪಾನವಾಗಿಡಿ. ವ್ಯಾಪಾರಕ್ಕಲ್ಲದ ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ವ್ಯಕ್ತಿಗಳಿಗೆ ದಂಡವಿಲ್ಲ. ಕುಯಿಲಿನ ಹಣ ಬಂದಾಗ ಸ್ವಲ್ಪ ಅಸಲು ಕಟ್ಟಿಬಿಡಲು ಇದು ನಮ್ಮ ಬೆಳೆಗಾರರಿಗೆ ಹೇಳಿ ಮಾಡಿಸಿದಂತಿದೆ. ರಿಯಾಯಿತಿ ಬಡ್ಡಿಯ ಬೆಳೆ ಸಾಲವನ್ನು ಮಾತ್ರ ಮನೆ ಕೊಳ್ಳಲು ತಿರುಗಿಸಬೇಡಿ, ಅದು ನಿಯಮಕ್ಕೆ ವಿರುದ್ಧ.

ಒಂದಷ್ಟು ಮೊತ್ತವನ್ನು ನಗದಾಗಿ ಕೊಡಿ, ಪತ್ರದಲ್ಲಿ ಕಡಿಮೆ ತೋರಿಸೋಣ ಎಂದು ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ. ಸ್ಥಿರಾಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಹೆಚ್ಚಿನ ನಗದನ್ನು ಪಡೆಯುವುದು ನಿಷಿದ್ಧ, ಪತ್ರದಲ್ಲಿ ಬೆಲೆ ತಗ್ಗಿದರೆ ನಿಮ್ಮ ಸಾಲವೂ ತಗ್ಗುತ್ತದೆ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಶೇ 1ನ್ನು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಆಗಿ ಕಡಿದು ಕಟ್ಟುವ ಹೊಣೆ ಕೊಳ್ಳುವವರಾದ ನಿಮ್ಮದು.

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಉದ್ಯೋಗಿ. ವಿರಾಜಪೇಟೆಯ ಬಳಿ ನಮ್ಮ ಒಕ್ಕದ (ಮನೆತನದ) ಜಮ್ಮಾ ಬಾಣೆ (ಕೊಡಗಿನಲ್ಲಿ ಗದ್ದೆಯೊಂದಿಗೆ ವಂಶಪಾರಂಪರ್ಯವಾಗಿ ಬಂದ ಮರಗಾಡಿನ ಭೂಮಿ) ಜಾಗದಲ್ಲಿ ನನ್ನ ಅನುಭವದಲ್ಲಿರುವ ಭಾಗದಲ್ಲಿ ಎರಡು ಬಾಡಿಗೆ ಮನೆ ಕಟ್ಟಬೇಕೆಂದಿದ್ದೇನೆ. ಸಂಬಳ ಚೆನ್ನಾಗಿದ್ದರೂ ಬ್ಯಾಂಕು ಸಾಲ ನಿರಾಕರಿಸಿದೆ. ಕಾರಣವೇನು?

ಉತ್ತರ: ಕಾರಣ ನಿಮ್ಮ ಸಂಬಳದಲ್ಲಿಲ್ಲ, ಪಹಣಿಯಲ್ಲಿದೆ. ಜಮ್ಮಾ ಭೂಮಿಯ ದಾಖಲೆಯಲ್ಲಿ ಸಾಮಾನ್ಯವಾಗಿ ಪಟ್ಟೇದಾರರ, ಎಂದರೆ ಒಕ್ಕದ ಪರವಾಗಿ ನಮೂದಾದ ಹಿರಿಯರ, ಹೆಸರಿರುತ್ತದೆ. ಅನೇಕ ಒಕ್ಕಗಳಲ್ಲಿ ಅವರು ತೀರಿಕೊಂಡು ಒಂದು ತಲೆಮಾರೇ ಕಳೆದಿದ್ದರೂ ಹೆಸರು ಹಾಗೆಯೇ ಮುಂದುವರಿದಿದೆ. ನೀವು ಅನುಭವಿಸುತ್ತಿರುವ ಭಾಗ ನಿಮ್ಮದೆಂಬುದು ಕುಟುಂಬಕ್ಕೆಲ್ಲ ಗೊತ್ತಿದ್ದರೂ, ಕಾಗದದಲ್ಲಿ ಅದು ಅವಿಭಜಿತ ಹಕ್ಕು. ಸಾಲ ತೀರದಿದ್ದಾಗ ಹರಾಜು ಹಾಕಲಾಗದ ಆಸ್ತಿಯನ್ನು ಬ್ಯಾಂಕು ಅಡಮಾನವಾಗಿ ಒಪ್ಪುವುದಿಲ್ಲ.

ಆದ್ದರಿಂದ ಮೊದಲು ಬೇಕಾಗಿರುವುದು ಸಾಲದ ಏಜೆಂಟರಲ್ಲ, ಜಮ್ಮಾ ದಾಖಲೆ ಬಲ್ಲ ವಕೀಲರು ಮತ್ತು ಪರವಾನಗಿ ಪಡೆದ ಸರ್ವೆಯರ್. ಒಕ್ಕದ ಹಿರಿಯರನ್ನೂ ಹೆಣ್ಣುಮಕ್ಕಳನ್ನೂ ಸೇರಿಸಿ ಎಲ್ಲ ಹಕ್ಕುದಾರರ ಒಪ್ಪಿಗೆಯಿಂದ ನೋಂದಾಯಿತ ವಿಭಾಗ ಪತ್ರ, ಅಳತೆ, ನಿಮ್ಮ ಹೆಸರಿಗೆ ಖಾತೆ ಬದಲಾವಣೆ, ಬಳಿಕ 1964ರ ಭೂಕಂದಾಯ ಕಾಯ್ದೆಯಂತೆ ಭೂಪರಿವರ್ತನೆ, ಗ್ರಾಮ ಪಂಚಾಯಿತಿಯಿಂದ ಆಸ್ತಿಯ ಇ-ಖಾತೆ, ಕೊನೆಗೆ ಕಟ್ಟಡ ಪರವಾನಗಿ. ಈ ಕ್ರಮ ತಪ್ಪಿದರೆ ಮತ್ತೆ ಮೊದಲಿಗೇ ಬರಬೇಕಾಗುತ್ತದೆ. ಬಾಣೆಯಲ್ಲಿ ಬೆಲೆಬಾಳುವ ಮರಗಳಿದ್ದರೆ ಅವುಗಳ ಹಕ್ಕಿನ ಪ್ರಶ್ನೆ ಬೇರೆಯೇ ಇದೆ, ಕಡಿಯುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ‘ವಿಭಾಗ ಪತ್ರವಿಲ್ಲದೆಯೂ ಖಾಸಗಿ ಹಣಕಾಸು ಸಂಸ್ಥೆಯಿಂದ ಸಾಲ ಮಾಡಿಸುತ್ತೇನೆ’ ಎಂದು ಯಾರಾದರೂ ಮುಂದೆ ಬಂದರೆ, ಬಡ್ಡಿ ಎಷ್ಟು, ಅಡಮಾನ ಯಾವುದು ಎಂದು ಕೇಳಿ. ಸಾಧಾರಣವಾಗಿ ಅದು ನಿಮ್ಮ ಸಂಬಳದ ಮೇಲಿನ ದುಬಾರಿ ವೈಯಕ್ತಿಕ ಸಾಲವಾಗಿರುತ್ತದೆ.

ಜಾಗ ಇಳಿಜಾರಿನಲ್ಲಿದ್ದರೆ ಇನ್ನೊಂದು ಮಾತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದದ್ದನ್ನು ಕಂಡ ಮೇಲೂ ಜೆಸಿಬಿ ತಂದು ಬರೆ (ಗುಡ್ಡದ ಇಳಿಜಾರು) ಕಡಿದು ಸಮತಟ್ಟು ಮಾಡುವವರನ್ನು ನೋಡಿದಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಮಣ್ಣು ಪರೀಕ್ಷೆ ಮಾಡಿಸಿ ಲಿಖಿತ ವರದಿ ಕೊಡುವ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಕೊಡುವ ಶುಲ್ಕದಲ್ಲಿ ಉಳಿತಾಯ ಮಾಡಬೇಡಿ, ಅಲ್ಲಿ ಬಾಡಿಗೆಗೆ ಬಂದು ಮಲಗುವವರು ಬೇರೆಯವರ ಮನೆಯ ಮಕ್ಕಳು.

ಪ್ರಶ್ನೆ: ಮಡಿಕೇರಿಯ ನಮ್ಮ ಎರಡು ಮನೆಗಳನ್ನು ಬಾಡಿಗೆಗೆ ಕೊಟ್ಟು ಮಗನ ಬಳಿ ಮೈಸೂರಿನಲ್ಲಿದ್ದೇವೆ. ನೋಡಿಕೊಳ್ಳುವವರು ಜಿಪಿಎ (ನಮ್ಮ ಪರವಾಗಿ ವ್ಯವಹರಿಸುವ ಸಾಮಾನ್ಯ ಅಧಿಕಾರಪತ್ರ) ಕೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ: ಕೊಡಬೇಡಿ. ಬಾಡಿಗೆ ಮನೆ ತೋರಿಸಲು, ದುರಸ್ತಿ ಮಾಡಿಸಲು, ನಲ್ಲಿ ನೀರಿನ ಬಿಲ್ ಕಟ್ಟಲು ಅಧಿಕಾರಪತ್ರವೇ ಬೇಕಿಲ್ಲ, ಇಂಥಿಂಥ ಕೆಲಸಕ್ಕೆ ಎಂದು ಸ್ಪಷ್ಟವಾಗಿ ಬರೆದ ಒಂದು ಪತ್ರ ಸಾಕು. ಬಾಡಿಗೆ ಕರಾರಿಗೆ ನೀವೇ ಸಹಿ ಹಾಕಿ, ಬಾಡಿಗೆಯೂ ಮುಂಗಡವೂ ನೇರವಾಗಿ ನಿಮ್ಮ ಬ್ಯಾಂಕ್ ಖಾತೆಗೆ ಬರಲಿ. ನೋಡಿಕೊಳ್ಳುವವರಿಗೆ ತಿಂಗಳಿಗಿಷ್ಟು ಎಂದು ನೀವು ಕಳುಹಿಸಿ, ಅವರು ಬಾಡಿಗೆಯಿಂದ ಹಿಡಿದುಕೊಂಡು ಉಳಿದದ್ದನ್ನು ಕಳುಹಿಸುವ ಪದ್ಧತಿ ಬೇಡ. ಕರಾರು ಒಂದು ವರ್ಷ ಮೀರಿದರೆ ನೋಂದಣಿ ಮಾಡಿಸುವುದು ಕಡ್ಡಾಯ. ಅವರು ಹಲವು ವರ್ಷಗಳಿಂದ ಪ್ರಾಮಾಣಿಕರಾಗಿದ್ದರೆ ಈ ಏರ್ಪಾಟಿನಿಂದ ಅವರಿಗೆ ನೋವಾಗಬೇಕಿಲ್ಲ, ಸಂಬಳವನ್ನು ಸ್ವಲ್ಪ ಹೆಚ್ಚಿಸಿ ಆ ಮಾತನ್ನು ಅವರಿಗೇ ಹೇಳಿ.