ಮುಳುಗಿದ ಖಂಡ ಅಲ್ಲ, ಹರಿದ ಸೆರಗು

ಕುಂದಾಪುರದ ಓದುಗರೊಬ್ರು ಬರ್ದಿದಾರೆ: "ಮಾರಿಷಸ್ ಅಡೀಲಿ ಹಳೇ ಖಂಡದ ಚೂರಿದೆ ಅಂತ ಹೋದ ಸಂಚಿಕೇಲಿ ನೀವೇ ಹಾಕಿದೀರಿ. ಅಂದ್ಮೇಲೆ ಹಿಂದೂ ಮಹಾಸಾಗರದಲ್ಲಿ ಲೆಮೂರಿಯಾ ಅನ್ನೋ ಖಂಡ ಮುಳುಗಿದ್ದು ನಿಜ ತಾನೆ? ಇನ್ನಾದ್ರೂ ಒಪ್ಕೊಳ್ಳಿ."

ಇಷ್ಟು ಒಪ್ತೀನಿ: 1864ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಫಿಲಿಪ್ ಸ್ಕ್ಲೇಟರ್ ಆ ಹೆಸರಿಟ್ಟಾಗ ಅದು ಹುಚ್ಚು ಮಾತಾಗಿರ್ಲಿಲ್ಲ, ಮಡಗಾಸ್ಕರ್‌ಗೂ ಭಾರತಕ್ಕೂ ಇರೋ ಪ್ರಾಣಿಗಳ ನಂಟಿಗೆ ಅವ್ರಿಗೊಂದು ಸೇತುವೆ ಬೇಕಿತ್ತು. ಆದ್ರೆ ಈಗ್ಲೂ ಅದನ್ನೇ ಹಿಡ್ಕೊಂಡು ಕೂತ್ರೆ ಹೇಗೆ ಸ್ವಾಮಿ?

ಖಂಡದ ಕಲ್ಲು ಹಗುರ, 30-40 ಕಿಲೋಮೀಟರ್ ದಪ್ಪ. ಸಮುದ್ರತಳದ ಕಲ್ಲು ಭಾರ, ಬರೀ 7 ಕಿಲೋಮೀಟರ್. ಖಂಡ ಹಾಗೆಲ್ಲ ಮುಳುಗಲ್ಲ, ಹರಿಯುತ್ತೆ. ಅಂಚು ಎಳೆದೂ ಎಳೆದೂ ತೆಳುವಾಗಿರುತ್ತೆ, ಕೆಳಗಿಂದ ಭೂಮಿಯ ಬಿಸಿ ಉಕ್ಕಿ ಅದನ್ನ ಇನ್ನೂ ಮೆತ್ತಗೆ ಮಾಡುತ್ತೆ, ಅಷ್ಟೊತ್ತಿಗೆ ನಡುಸಮುದ್ರದಲ್ಲಿ ಬಾಯಿಬಿಡ್ತಿದ್ದ ಬಿರುಕು ಅಲ್ಲಿ ಬಿಟ್ಟು ಈ ಅಂಚಿಗೇ ಜಿಗಿಯುತ್ತೆ, ಸೆರಗಿನ ತುದಿ ಕಿತ್ಕೊಂಡು ಆಚೆ ಹೋಗುತ್ತೆ. ತೆಳುವಾಗಿರೋದ್ರಿಂದ ನೀರಿನ ಕೆಳಗೆ ಕೂರುತ್ತೆ, ನಮಗೆ ಮುಳುಗಿದ ಹಾಗೆ ಕಾಣುತ್ತೆ.

ಹಿಂದೂ ಮಹಾಸಾಗರದ ದ್ವೀಪಸಮೂಹ ಸೇಶೆಲ್ಸ್ ಹೋಗಿದ್ದೂ ಹಾಗೇ. ಮೊದ್ಲು ಭಾರತ, ಮಡಗಾಸ್ಕರ್ ಎರಡಕ್ಕೂ ಅಂಟ್ಕೊಂಡಿತ್ತು, ನಮ್ ಜೊತೆ ಮಡಗಾಸ್ಕರ್ ಬಿಟ್ಟು ಬಂತು, ಆಮೇಲೆ ಡೆಕ್ಕನ್ ಲಾವಾ ಉಕ್ಕಿದ ಆಸುಪಾಸಲ್ಲಿ, ಸುಮಾರು 6.3 ಕೋಟಿ ವರ್ಷದ ಹಿಂದೆ, ನಮ್ಮನ್ನೂ ಬಿಡ್ತು. ಅಲ್ಲಿನ ಮಾಹೆ ದ್ವೀಪದ ಗ್ರಾನೈಟ್‌ಗೆ 75 ಕೋಟಿ ವರ್ಷ, ಅದೂ ನಡುಸಮುದ್ರದಲ್ಲಿ! ಮಾರಿಷಸ್ ಲಾವಾಕ್ಕೆ ಹೆಚ್ಚಂದ್ರೆ 90 ಲಕ್ಷ ವರ್ಷ. 2013ರಲ್ಲಿ ಅಲ್ಲಿನ ಮರಳಲ್ಲಿ ಜಿರ್ಕಾನ್ ಅನ್ನೋ ಗಟ್ಟಿ ಖನಿಜದ ಹಳೇ ಕಣ ಸಿಕ್ಕಾಗ ಕೆಲವ್ರು ಗಾಳೀಗೆ ಹಾರ್ಕೊಂಡೋ ಗಾಡಿ ಟೈರಿಗೆ ಅಂಟ್ಕೊಂಡೋ ಬಂದಿರ್ಬೇಕು ಅಂದ್ರು. 2017ರಲ್ಲಿ ಭೂವಿಜ್ಞಾನಿ ಲೂಯಿಸ್ ಆಶ್ವಾಲ್ ತಂಡದವ್ರು ಕಲ್ಲಿನ ಒಳಗಿಂದಾನೇ 300 ಕೋಟಿ ವರ್ಷದ ಕಣ ತೆಗೆದು ತೋರಿಸಿದ್ರು, ಅಂದ್ರೆ ಲಾವಾ ಮೇಲೆ ಬರ್ತಾ ಅಡೀಲಿದ್ದ ಹಳೇ ಖಂಡದ ಚೂರಿಂದ ಹೊತ್ಕೊಂಡು ಬಂದಿದ್ದು. ಕಲ್ಲು ಒಡೆದು ನೋಡೋದು ಅಂದ್ರೆ ಇದು.

ನೀವು ಕುಂದಾಪುರದವ್ರು, ಮಲ್ಪೆಯಿಂದ ಬೋಟಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೇ ಇರ್ತೀರಿ. ಅಲ್ಲಿನ ಕಲ್ಲಿನ ಕಂಬಗಳು ಮಡಗಾಸ್ಕರ್ ನಮ್ಮಿಂದ ಬೇರೆ ಆಗೋ ಹೊತ್ತಿನ ಲಾವಾ, 8.8 ಕೋಟಿ ವರ್ಷದ್ದು. ಕಳೆದ ಸಲ ನಾನು ಹೋದಾಗ ಶಾಲೆ ಟ್ರಿಪ್ಪಿಗೆ ಬಂದ ಹುಡುಗನೊಬ್ಬ ಕಂಬದ ತಲೆ ಮೇಲೆ ಬೆರಳಾಡಿಸ್ತಾ ಮೂಲೆ ಎಣಿಸ್ತಿದ್ದ, ಐದು, ಆರು, ಮತ್ತೆ ಐದು. "ಯಾರು ಕೆತ್ತಿದ್ದು ಸರ್?" ಅಂದ. ಮೇಷ್ಟ್ರು "ಬೇಗ ಫೋಟೋ ತೆಕ್ಕೊಳ್ಳಿ, ಬೋಟ್ ಹೊರಡುತ್ತೆ" ಅಂದ್ರು. ನಂಗೆ ಹೊಟ್ಟೆ ಉರೀತು. ಮುಳುಗಿದ ನಾಡಿನ ವಿಡಿಯೋ ಎಲ್ರ ಫೋನಲ್ಲೂ ಇರುತ್ತೆ, ಮನೆ ಬಾಗಿಲಲ್ಲಿರೋ ಕಲ್ಲಿನ ಕಥೆ ಮಗೂಗೆ ಹೇಳೋಕೆ ಐದು ನಿಮಿಷ ಇಲ್ವಾ? ಕೊನೆಗೆ ನಾನೇ ಅವ್ನ ಪಕ್ಕ ಕೂತು ಹೇಳ್ದೆ. ಬೋಟ್ ಹಾರ್ನ್ ಹೊಡೀತಾನೇ ಇತ್ತು, ಅವ್ನು ಕಂಬದ ಮೇಲಿಂದ ಕೈ ತೆಗೀಲಿಲ್ಲ.